ಡೆಲ್ಫೀನ್ ಸೆರಿಗ್

ಡೆಲ್ಫೀನ್ ಸೆರಿಗ್ (10 ಏಪ್ರಿಲ್ 1932 – 15 ಅಕ್ಟೋಬರ್ 1990) ಫ್ರಾನ್ಸ್ ದೇಶದ ರಂಗಭೂಮಿ ಮತ್ತು ಚಲನಚಿತ್ರ ನಟಿ, ಸ್ವತಂತ್ರ ಸಾಕ್ಷ್ಯಚಿತ್ರ ನಿರ್ದೇಶಕಿ ಹಾಗೂ ಸ್ತ್ರೀವಾದಿ ಹೋರಾಟಗಾರ್ತಿ. ಅಲೆನ್ ರೆನೆ ನಿರ್ದೇಶನದ ‘ಲಾಸ್ಟ್ ಇಯರ್ ಅಟ್ ಮಾರಿಯನ್‌ಬಾದ್’ (1961) ಚಿತ್ರದಿಂದ ಜಗತ್ಪ್ರಸಿದ್ಧರಾದ ಇವರು ತ್ರೂಫೊ, ಬುನ್ಯುಯೆಲ್, ಜೋಸೆಫ್ ಲೋಸಿ, ಮಾರ್ಗರೀತ್ ದ್ಯುರಾಸ್, ಶಾಂತಾಲ್ ಆಕರ್‌ಮಾನ್ ಮೊದಲಾದವರ ಚಿತ್ರಗಳಲ್ಲಿ ಅಭಿನಯಿಸಿದರು. 1970ರ ದಶಕದ ನಡುಭಾಗದಲ್ಲಿ, ನಟಿಯಾಗಿ ತಮ್ಮ ಕೀರ್ತಿಯ ಶಿಖರದಲ್ಲಿದ್ದಾಗಲೇ, ಆಗಷ್ಟೇ ಬಳಕೆಗೆ ಬಂದಿದ್ದ ಕೈವಿಡಿಯೋ ಕ್ಯಾಮೆರಾದ ಉಪಯೋಗವನ್ನು ಕಲಿತು, ಗೆಳತಿಯರೊಡಗೂಡಿ ಸಾಕ್ಷ್ಯಚಿತ್ರಗಳನ್ನು ತಯಾರಿಸತೊಡಗಿದರು. ಚಲನಚಿತ್ರೋದ್ಯಮವು ನಟಿಯರನ್ನು ನಡೆಸಿಕೊಳ್ಳುವ ಬಗೆಯನ್ನು ನಟಿಯರ ಮಾತಿನಲ್ಲಿಯೇ ದಾಖಲಿಸಿದ ‘ಸ್ವಾ ಬೆಲ್ ಎ ತೆ-ತ್ವಾ’ (ಸುಂದರಿಯಾಗಿರು, ಬಾಯಿ ಮುಚ್ಚು) ಇವರ ಮುಖ್ಯ ಕೃತಿ. ಪ್ಯಾರಿಸಿನ ಸಿಮೋನ್ ದ ಬೋವಾ ದೃಶ್ಯ-ಶ್ರಾವ್ಯ ಕೇಂದ್ರದ ಮೂವರು ಸ್ಥಾಪಕಿಯರಲ್ಲಿ ಇವರೂ ಒಬ್ಬರು.

ಜನನ ಮತ್ತು ಮನೆತನ

ಸೆರಿಗ್ ಅವರು ಹುಟ್ಟಿದ್ದು ಲೆಬನಾನಿನ ಬೇರೂತ್ ನಗರದಲ್ಲಿ. ಲೆಬನಾನ್ ಮತ್ತು ಸಿರಿಯಾ ಆಗ ಫ್ರೆಂಚರ ಆಡಳಿತಕ್ಕೆ ಒಳಪಟ್ಟಿದ್ದವು. ತಂದೆ ಹೆನ್ರಿ ಸೆರಿಗ್ ಪ್ರಾಕ್ತನಶಾಸ್ತ್ರಜ್ಞರು. ಆ ಎರಡು ದೇಶಗಳ ಪ್ರಾಚ್ಯವಸ್ತು ಇಲಾಖೆಯ ನಿರ್ದೇಶಕರಾಗಿದ್ದವರು. ಪಾಲ್ಮೈರಾದ ಪ್ರಾಚೀನ ಅವಶೇಷಗಳ ಬಗ್ಗೆ ಅವರು ನಡೆಸಿದ ಅಧ್ಯಯನಕ್ಕೆ ವಿದ್ವತ್ ವಲಯದಲ್ಲಿ ಇಂದಿಗೂ ಬೆಲೆಯಿದೆ. ತಾಯಿ ಹರ್ಮೀನ್ ದ ಸೊಸ್ಯೂರ್ ಸ್ವಿಟ್ಜರ್ಲೆಂಡಿನವರು, ಭಾಷಾವಿಜ್ಞಾನಿ ಫರ್ಡಿನಾಂಡ್ ದ ಸೊಸ್ಯೂರರ ಕುಟುಂಬಕ್ಕೆ ಸೇರಿದವರು. ತತ್ತ್ವಜ್ಞಾನಿ ರೂಸೋ ಅವರ ಬಗ್ಗೆ ಅಧ್ಯಯನ ಮಾಡಿದ್ದ ಈಕೆ ತಾರುಣ್ಯದಲ್ಲಿ ಗೆಳತಿ ಎಲ್ಲಾ ಮಾಯಾರ್ ಅವರೊಂದಿಗೆ ಸಣ್ಣ ಹಾಯಿದೋಣಿಗಳಲ್ಲಿ ಮೆಡಿಟರೇನಿಯನ್ ಸಮುದ್ರಯಾನ ಕೈಗೊಂಡಿದ್ದರು. 1920ರ ದಶಕದಲ್ಲಿ ಗಂಡಸರ ನೆರವಿಲ್ಲದೆ ಹೆಂಗಸರು ಹೀಗೆ ಸಮುದ್ರಕ್ಕಿಳಿಯುವುದು ಯೂರೋಪಿನಲ್ಲಿಯೂ ಅಪರೂಪವೇ ಆಗಿತ್ತು. ಈ ಎಲ್ಲಾ ಮಾಯಾರ್ ಮುಂದೆ ಪ್ರಖ್ಯಾತ ಪ್ರವಾಸ ಲೇಖಕಿಯಾಗಿ, ಎರಡನೆಯ ಮಹಾಯುದ್ಧದ ವರ್ಷಗಳನ್ನು ತಿರುವಣ್ಣಾಮಲೆಯಲ್ಲಿ ರಮಣ ಮಹರ್ಷಿಗಳ ಸನ್ನಿಧಿಯಲ್ಲಿ ಕಳೆದವರು. ತಮ್ಮ ದಾರಿಯನ್ನು ತಾವೇ ಕಂಡುಕೊಂಡ ಇಂತಹ ಮಹಿಳೆಯರ ಕಥೆಗಳನ್ನು ಕೇಳುತ್ತ ಬೆಳೆದ ಮಗಳು ಮುಂದೆ ಹಿಡಿದ ಹಾದಿ ಅಷ್ಟೇನೂ ಅನಿರೀಕ್ಷಿತವಲ್ಲ.

ಯುದ್ಧಕಾಲದಲ್ಲಿ ತಂದೆಯವರು ಸ್ವತಂತ್ರ ಫ್ರಾನ್ಸ್ ಪಕ್ಷದ ಪರವಾಗಿ ನ್ಯೂಯಾರ್ಕಿನಲ್ಲಿ ಸಾಂಸ್ಕೃತಿಕ ಪ್ರತಿನಿಧಿಯಾದ್ದರಿಂದ ಕುಟುಂಬ ಅಮೆರಿಕಕ್ಕೆ ತೆರಳಿತು. ಬಾಲಕಿ ಡೆಲ್ಫೀನ್‌ಗೆ ಇಂಗ್ಲಿಷ್ ಭಾಷೆ ಫ್ರೆಂಚಿನಷ್ಟೇ ಸಲೀಸಾದುದು ಅಲ್ಲಿಯೇ. ಯುದ್ಧ ಮುಗಿದ ಮೇಲೆ ಮತ್ತೆ ಬೇರೂತ್, ಅನಂತರ ಫ್ರಾನ್ಸಿನ ಬೆಟ್ಟಸೀಮೆಯ ಲ ಶಾಂಬೋಂ-ಸ್ಯುರ್-ಲಿನ್ಯೋಂ ಎಂಬ ಹಳ್ಳಿಯ ವಸತಿಶಾಲೆಯಲ್ಲಿ ವಿದ್ಯಾಭ್ಯಾಸ ಮುಂದುವರಿಯಿತು. ಯುದ್ಧದ ಸಮಯದಲ್ಲಿ ಯೆಹೂದಿ ನಿರಾಶ್ರಿತರನ್ನು ಅಡಗಿಸಿ ಕಾಪಾಡಿದುದಕ್ಕಾಗಿ ಆ ಹಳ್ಳಿ ಇತಿಹಾಸದಲ್ಲಿ ಹೆಸರಾಗಿದೆ. ಸೋದರ ಫ್ರಾನ್ಸಿಸ್ ಸೆರಿಗ್ ಸಂಗೀತ ಸಂಯೋಜಕರಾದರು. ‘ಮಾರಿಯನ್‌ಬಾದ್’ ಚಿತ್ರಕ್ಕೆ ಸಂಗೀತ ನೀಡಿದವರು ಇವರೇ.

ರಂಗಭೂಮಿಯ ಶಿಕ್ಷಣ

ಪ್ಯಾರಿಸಿಗೆ ಬಂದ ಸೆರಿಗ್ ಅವರು ರೋಜೆ ಬ್ಲಾಂ, ತಾನ್ಯಾ ಬಾಲಾಶೋವಾ ಮೊದಲಾದವರಲ್ಲಿ ಅಭಿನಯ ಕಲಿತರು. ಸಾಂತ್-ಎತಿಯೆನ್ ನಗರದಲ್ಲಿ ಜ್ಯಾಂ ದಾಸ್ತೆ ನಡೆಸುತ್ತಿದ್ದ ನಾಟಕ ತಂಡದಲ್ಲಿಯೂ ಸ್ವಲ್ಪ ಕಾಲ ದುಡಿದರು. 1950ರಲ್ಲಿ, ಚಿತ್ರಕಲೆ ಕಲಿಯಲೆಂದು ಪ್ಯಾರಿಸಿಗೆ ಬಂದಿದ್ದ ಅಮೆರಿಕದ ತರುಣ ಜಾಕ್ ಯಂಗರ್‌ಮನ್ ಅವರೊಡನೆ ವಿವಾಹವಾಯಿತು. ಮಗ ಡಂಕನ್ ಹುಟ್ಟಿದ್ದು 1956ರಲ್ಲಿ. ಅದೇ ವರ್ಷ ಸಂಸಾರ ನ್ಯೂಯಾರ್ಕಿನಲ್ಲಿ ನೆಲೆಸಿತು. ಬಂದರಿನ ಬಳಿಯ ಕೋಯೆಂಟೀಸ್ ಸ್ಲಿಪ್ ಎಂಬ ಬೀದಿಯ ಹಳೆಯ ಗೋದಾಮುಗಳಲ್ಲಿ ಆಗ ಎಲ್ಸ್‌ವರ್ತ್ ಕೆಲ್ಲಿ, ಆಗ್ನೆಸ್ ಮಾರ್ಟಿನ್, ರಾಬರ್ಟ್ ಇಂಡಿಯಾನಾ ಮೊದಲಾದ ಚಿತ್ರಕಾರರು ಅಗ್ಗದ ಬಾಡಿಗೆಗೆ ವಾಸವಾಗಿದ್ದರು. ಯಂಗರ್‌ಮನ್ ದಂಪತಿಗಳೂ ಅವರ ನೆರೆಯವರಾದರು.

ಲೀ ಸ್ಟ್ರಾಸ್‌ಬರ್ಗ್ ಅವರ ಆಕ್ಟರ್ಸ್ ಸ್ಟುಡಿಯೋ ತರಗತಿಗಳನ್ನು ಸೆರಿಗ್ ಅವರು ವೀಕ್ಷಕಿಯಾಗಿ ಕುಳಿತು ಗಮನಿಸಿದರು. ಮೊದಲ ಚಲನಚಿತ್ರ ಪಾತ್ರ ದೊರೆತದ್ದೂ ಅಮೆರಿಕದಲ್ಲಿಯೇ. ರಾಬರ್ಟ್ ಫ್ರಾಂಕ್ ಮತ್ತು ಆಲ್ಫ್ರೆಡ್ ಲೆಸ್ಲಿ ಸೇರಿ ತೆಗೆದ ‘ಪುಲ್ ಮೈ ಡೇಸಿ’ (1959) ಎಂಬ ಕಿರುಚಿತ್ರವದು; ಬೀಟ್ ಪಂಥದ ಕವಿ ಆಲೆನ್ ಗಿನ್ಸ್‌ಬರ್ಗ್ ಅದರಲ್ಲಿ ನಟಿಸಿದ್ದರು, ಜಾಕ್ ಕೆರುವಾಕ್ ನಿರೂಪಣೆ ನೀಡಿದ್ದರು. ಚಿಕ್ಕ ತಂಡ, ಕಡಿಮೆ ಹಣ, ಗೆಳೆಯರ ಮನೆಯೇ ಚಿತ್ರೀಕರಣದ ಸ್ಥಳ. ಸ್ಟುಡಿಯೋಗಳ ಹಂಗಿಲ್ಲದೆ ಚಿತ್ರ ಮಾಡಬಹುದೆಂಬುದನ್ನು ಇವರು ಮೊದಲ ಅನುಭವದಲ್ಲಿಯೇ ಕಂಡರು ಎಂಬುದನ್ನು ಮುಂದಿನ ಬದುಕಿನ ಹಿನ್ನೆಲೆಯಲ್ಲಿ ಗಮನಿಸಬೇಕು.

ತೆರೆಯ ಮೇಲಿನ ಕೀರ್ತಿ

ನ್ಯೂಯಾರ್ಕಿನಲ್ಲಿ ಇಬ್ಸನ್ನನ ‘ಜನಶತ್ರು’ ನಾಟಕದಲ್ಲಿ ಸೆರಿಗ್ ಅವರ ಅಭಿನಯವನ್ನು ಕಂಡ ಅಲೆನ್ ರೆನೆ ತಮ್ಮ ಚಿತ್ರಕ್ಕೆ ಆಹ್ವಾನಿಸಿದರು. ‘ಲಾಸ್ಟ್ ಇಯರ್ ಅಟ್ ಮಾರಿಯನ್‌ಬಾದ್’ ಚಿತ್ರದ ಕಥಾನಾಯಕಿಗೆ ಹೆಸರೇ ಇಲ್ಲ. ಅಲೆನ್ ರಾಬ್-ಗ್ರಿಯೆ ಬರೆದ ಚಿತ್ರಕಥೆಯಲ್ಲಿ ಆಕೆಯನ್ನು ಕೇವಲ ಒಂದು ಅಕ್ಷರದಿಂದ ಗುರುತಿಸಲಾಗಿದೆ. ಅರಮನೆಯಂತಹ ಹೋಟೆಲಿನ ಮೊಗಸಾಲೆಗಳಲ್ಲಿ, ಶನೆಲ್ ಸಂಸ್ಥೆಯ ಉಡುಪುಗಳನ್ನು ಧರಿಸಿ, ಪ್ರತಿಮೆಯಂತೆ ನಿಲ್ಲುವ ಈ ಸ್ತ್ರೀಗೆ ಹಿಂದಿನ ವರ್ಷ ತಾವಿಬ್ಬರೂ ಭೇಟಿಯಾಗಿದ್ದೆವೆಂದು ಒಬ್ಬ ಗಂಡಸು ಮತ್ತೆ ಮತ್ತೆ ಹೇಳುತ್ತಾನೆ. ಅವಳ ನೆನಪು ಏನಿರಬೇಕೆಂಬುದನ್ನೂ ಅವನೇ ನಿರ್ಧರಿಸುತ್ತಾನೆ. ಚಿತ್ರಕ್ಕೆ ವೆನಿಸ್ ಉತ್ಸವದಲ್ಲಿ ಸುವರ್ಣ ಸಿಂಹ ಪ್ರಶಸ್ತಿ ಬಂದಿತು. ಸೆರಿಗ್ ಎಂದರೆ ನಿಗೂಢ ಸೌಂದರ್ಯ, ಪಿಸುದನಿ, ಕೈಗೆಟುಕದ ಹೆಣ್ಣು ಎಂಬ ಚಿತ್ರ ಪ್ರೇಕ್ಷಕರ ಮನಸ್ಸಿನಲ್ಲಿ ಅಚ್ಚೊತ್ತಿತು. ಈ ಅಚ್ಚನ್ನು ಅಳಿಸಿಹಾಕುವುದಕ್ಕೆ ಅವರು ಪಟ್ಟ ಶ್ರಮವೇ ಅವರ ಮುಂದಿನ ಮೂವತ್ತು ವರ್ಷಗಳ ಕಥೆ ಎಂದರೆ ಅತಿಶಯೋಕ್ತಿಯಾಗದು.

ರೆನೆ ಅವರ ಮುಂದಿನ ಚಿತ್ರ ‘ಮ್ಯೂರಿಯೆಲ್’ (1963) ಆ ದಿಕ್ಕಿನಲ್ಲಿ ಮೊದಲ ಹೆಜ್ಜೆ. ಸಮುದ್ರತೀರದ ಬೂಲೋನ್ ಪಟ್ಟಣದಲ್ಲಿ ಹಳೆಯ ಪೀಠೋಪಕರಣಗಳನ್ನು ಮನೆಯಲ್ಲಿಯೇ ಮಾರುವ, ಜೂಜಿನ ಚಟವಿರುವ ನಡುವಯಸ್ಸಿನ ವಿಧವೆ ಎಲೆನ್ ಇವರ ಪಾತ್ರ. ಆಗ ಇವರಿಗೆ ಕೇವಲ 31 ವರ್ಷ. ಸುಂದರಿಯೆಂದು ಹೆಸರಾದ ನಟಿಯೊಬ್ಬರು ತಾವಾಗಿಯೇ ವಯಸ್ಸನ್ನು ಏರಿಸಿಕೊಂಡು, ಗಡಿಬಿಡಿಯ ಸಾಮಾನ್ಯ ಗೃಹಿಣಿಯಾಗಿ ಕಾಣಿಸಿಕೊಂಡದ್ದು ವಿಮರ್ಶಕರನ್ನು ಅಚ್ಚರಿಗೊಳಿಸಿತು. ಈ ಪಾತ್ರಕ್ಕಾಗಿ ವೆನಿಸ್ ಉತ್ಸವದಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ದೊರೆಯಿತು. ಅಲ್ಜೀರಿಯಾ ಯುದ್ಧದಲ್ಲಿ ಫ್ರೆಂಚ್ ಸೈನಿಕರು ನಡೆಸಿದ ಚಿತ್ರಹಿಂಸೆಯ ನೆರಳು ಈ ಚಿತ್ರದ ಮೇಲೆ ದಟ್ಟವಾಗಿದೆ.

ಲೋಸಿಯವರ ‘ಆಕ್ಸಿಡೆಂಟ್’ (1967), ತ್ರೂಫೊ ಅವರ ‘ಸ್ಟೋಲನ್ ಕಿಸಸ್’ (1968), ಬುನ್ಯುಯೆಲ್ ಅವರ ‘ದ ಮಿಲ್ಕಿ ವೇ’ (1969) ಮತ್ತು ಆಸ್ಕರ್ ಪಡೆದ ‘ದ ಡಿಸ್ಕ್ರೀಟ್ ಚಾರ್ಮ್ ಆಫ್ ದ ಬೂರ್ಜ್ವಾಸಿ’ (1972), ಜಾಕ್ ದೆಮಿ ಅವರ ‘ಡಾಂಕಿ ಸ್ಕಿನ್’ (1970), ರಕ್ತಪಿಶಾಚಿ ಕೌಂಟೆಸ್ ಆಗಿ ನಟಿಸಿದ ‘ಡಾಟರ್ಸ್ ಆಫ್ ಡಾರ್ಕ್‌ನೆಸ್’ (1971) ಈ ಕಾಲದ ಇತರ ಚಿತ್ರಗಳು. ‘ದ ಡೇ ಆಫ್ ದ ಜಕಾಲ್’ (1973) ಇಂಗ್ಲಿಷ್ ಚಿತ್ರವನ್ನು ನೋಡಿದ ಭಾರತೀಯ ಪ್ರೇಕ್ಷಕರಿಗೆ, ಹಂತಕನಿಗೆ ಅರಿಯದೆ ಆಶ್ರಯ ನೀಡಿ ಪ್ರಾಣ ಕಳೆದುಕೊಳ್ಳುವ ಕೊಲೆತ್ ಪಾತ್ರದಲ್ಲಿ ಇವರ ಮುಖ ಪರಿಚಿತ. ರಂಗಭೂಮಿಯನ್ನು ಮಾತ್ರ ಇವರು ಎಂದೂ ಬಿಡಲಿಲ್ಲ. ಹೆರಾಲ್ಡ್ ಪಿಂಟರ್ ನಾಟಕಗಳು ಫ್ರಾನ್ಸಿನಲ್ಲಿ ಮನ್ನಣೆ ಪಡೆಯುವುದರಲ್ಲಿ, ನಿರ್ದೇಶಕ ಕ್ಲೋದ್ ರೆಜಿ ಅವರೊಂದಿಗೆ ಇವರ ಪಾಲು ದೊಡ್ಡದು. ವೈವಾಹಿಕ ಜೀವನ ಮುರಿದ ಅನಂತರ ನಟ ಸಾಮಿ ಫ್ರೇ ಇವರ ಬಾಳ ಸಂಗಾತಿಯಾದರು.

ಚಳವಳಿಗೆ ಪ್ರವೇಶ

1920ರ ಕಾನೂನಿನನ್ವಯ ಫ್ರಾನ್ಸಿನಲ್ಲಿ ಗರ್ಭಪಾತವಷ್ಟೇ ಅಲ್ಲ, ಅದರ ಪರವಾದ ಪ್ರಚಾರವೂ ಅಪರಾಧವಾಗಿತ್ತು. ಹಣವುಳ್ಳವರು ಹೊರದೇಶಗಳಿಗೆ ಹೋಗಿಬರುತ್ತಿದ್ದರು. ಬಡ ಹೆಂಗಸರು ಗುಟ್ಟಾಗಿ, ಪ್ರಾಣಾಪಾಯದ ವಿಧಾನಗಳಿಗೆ ಒಡ್ಡಿಕೊಳ್ಳುತ್ತಿದ್ದರು. 1971ರ ಏಪ್ರಿಲ್ 5ರಂದು ‘ನೂವೆಲ್ ಒಬ್ಸರ್ವಾತರ್’ ವಾರಪತ್ರಿಕೆಯಲ್ಲಿ, ತಾವೂ ಗರ್ಭಪಾತ ಮಾಡಿಸಿಕೊಂಡಿದ್ದೇವೆಂದು ಬಹಿರಂಗವಾಗಿ ಘೋಷಿಸಿದ 343 ಮಹಿಳೆಯರ ಹೇಳಿಕೆ ಪ್ರಕಟವಾಯಿತು. ಅದನ್ನು ಬರೆದವರು ಸಿಮೋನ್ ದ ಬೋವಾ. ಸಹಿ ಹಾಕಿದವರಲ್ಲಿ ಸೆರಿಗ್ ಅವರಲ್ಲದೆ ಜಾನ್ ಮೊರೊ, ಕ್ಯಾಥರೀನ್ ದೆನವ್, ದ್ಯುರಾಸ್, ಆನ್ಯೆಸ್ ವರ್ದಾ ಮೊದಲಾದವರಿದ್ದರು. ಸಹಿ ಮಾಡಿದ ಪ್ರತಿಯೊಬ್ಬರೂ ಕಾನೂನಿನ ಕಣ್ಣಿನಲ್ಲಿ ಅಪರಾಧವನ್ನು ಒಪ್ಪಿಕೊಂಡಂತಾಗಿತ್ತು. ಸಾಮಾನ್ಯ ಉದ್ಯೋಗದಲ್ಲಿದ್ದವರಿಗೆ ಕೆಲಸ ಹೋಗುವ ಭಯವಿತ್ತು. ಪ್ರಸಿದ್ಧರ ಹೆಸರುಗಳು ಅವರಿಗೆ ಗುರಾಣಿಯಾದವು.

ಸೆರಿಗ್ ಅವರು ಸಹಿಯಲ್ಲಿಯೇ ನಿಲ್ಲಲಿಲ್ಲ. 1972ರಲ್ಲಿ, ಅಪಾಯ ಕಡಿಮೆಯಿರುವ ಕಾರ್ಮನ್ ವಿಧಾನದ ಪ್ರಾತ್ಯಕ್ಷಿಕೆ ಪ್ಯಾರಿಸಿನಲ್ಲಿ ನಡೆದದ್ದು ಇವರ ಮನೆಯಲ್ಲಿಯೇ. ಅದೇ ವರ್ಷ ಬೊಬಿನ್ಯಿ ನ್ಯಾಯಾಲಯದಲ್ಲಿ, ಅತ್ಯಾಚಾರಕ್ಕೊಳಗಾಗಿ ಗರ್ಭಪಾತ ಮಾಡಿಸಿಕೊಂಡ ಹದಿಹರೆಯದ ಹುಡುಗಿಯ ಹಾಗೂ ಆಕೆಗೆ ನೆರವಾದ ತಾಯಿಯ ಮೇಲೆ ಮೊಕದ್ದಮೆ ನಡೆದಾಗ, ವಕೀಲೆ ಝಿಝೆಲ್ ಹಲೀಮಿ ಕರೆಸಿದ ಸಾಕ್ಷಿಗಳಲ್ಲಿ ಸೆರಿಗ್ ಅವರೂ ಇದ್ದರು. 1975ರ ಜನವರಿಯಲ್ಲಿ ಸಿಮೋನ್ ವೇಯ್ ಅವರ ಹೆಸರಿನಿಂದ ಕರೆಯಲಾಗುವ ಕಾನೂನು ಜಾರಿಗೆ ಬಂದು ಗರ್ಭಪಾತ ಶಿಕ್ಷಾರ್ಹವಲ್ಲವೆಂದಾಯಿತು. ಹೀಗೆ ಬೀದಿಗಿಳಿದುದಕ್ಕೆ ಇವರು ಬೆಲೆ ತೆರದೆ ಇರಲಿಲ್ಲ. ಅಪ್ಸರೆಯಂತೆ ಕಾಣಬೇಕಾದ ನಟಿ ಪ್ರತಿಭಟನೆಯ ಮೆರವಣಿಗೆಯಲ್ಲಿ ನಡೆಯುವುದನ್ನು ಅನೇಕ ನಿರ್ಮಾಪಕರು ಮೆಚ್ಚಲಿಲ್ಲ. ಮುಖ್ಯವಾಹಿನಿಯ ಚಿತ್ರಗಳಿಂದ ಬರುವ ಕರೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾದವು.

1975ರ ಮೂರು ಚಿತ್ರಗಳು

ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಮಹಿಳಾ ವರ್ಷವೆಂದು ಘೋಷಿಸಿದ 1975ರಲ್ಲಿ ಸೆರಿಗ್ ಅವರು ಮಹಿಳೆಯರೇ ನಿರ್ದೇಶಿಸಿದ ಮೂರು ಮುಖ್ಯ ಚಿತ್ರಗಳಲ್ಲಿ ಕಾಣಿಸಿಕೊಂಡರು. ಲಿಲಿಯಾನ್ ದ ಕೆರ್ಮಾದೆಕ್ ಅವರ ‘ಅಲೋಯೀಸ್’, ಮಾನಸಿಕ ಆಸ್ಪತ್ರೆಯಲ್ಲಿ ಬದುಕು ಸವೆಸಿದ ಸ್ವಿಸ್ ಚಿತ್ರಕಾರ್ತಿಯ ಜೀವನವನ್ನು ಆಧರಿಸಿದುದು. ದ್ಯುರಾಸ್ ಅವರ ‘ಇಂಡಿಯಾ ಸಾಂಗ್’ 1930ರ ದಶಕದ ಕಲ್ಕತ್ತೆಯಲ್ಲಿ ನಡೆಯುವ ಕಥೆ. ಆದರೆ ಚಿತ್ರೀಕರಣ ನಡೆದದ್ದು ಫ್ರಾನ್ಸಿನಲ್ಲಿ. ಕಲ್ಕತ್ತೆ ಇಲ್ಲಿ ಧ್ವನಿಗಳ ಮೂಲಕ ಮಾತ್ರ ಕೇಳಿಬರುತ್ತದೆ. ಪಾತ್ರಗಳು ತೆರೆಯ ಮೇಲೆ ತುಟಿ ಬಿಚ್ಚುವುದಿಲ್ಲ, ಮಾತುಗಳು ಬೇರೆಲ್ಲಿಂದಲೋ ಬರುತ್ತವೆ. ಭಾರತೀಯ ವೀಕ್ಷಕರಿಗೆ ಇದರಲ್ಲಿ ಭಾರತ ಸಿಗದಿದ್ದರೆ ಆಶ್ಚರ್ಯವಿಲ್ಲ. ರಾಯಭಾರ ಕಚೇರಿಯ ಗೋಡೆಗಳೊಳಗೆ ಬೇಸರದಿಂದ ಬಾಡುವ ಯೂರೋಪಿಯನ್ನರ ಲೋಕವೇ ಅದರ ವಸ್ತು.

ಮೂರನೆಯದು ಶಾಂತಾಲ್ ಆಕರ್‌ಮಾನ್ ಅವರ ‘ಜಾನ್ ದೀಲ್ಮಾನ್, 23 ಕೆ ದ್ಯು ಕೊಮರ್ಸ್, 1080 ಬ್ರುಸೆಲ್’. ನಿರ್ದೇಶಕಿಗೆ ಆಗಿನ್ನೂ 25ರ ಆಸುಪಾಸು. ಬ್ರಸೆಲ್ಸ್ ನಗರದ ವಿಧವೆಯೊಬ್ಬಳ ಮೂರು ದಿನಗಳ ದಿನಚರಿಯನ್ನು 201 ನಿಮಿಷಗಳಲ್ಲಿ ತೋರಿಸುವ ಈ ಚಿತ್ರದಲ್ಲಿ ಆಕೆ ಆಲೂಗಡ್ಡೆ ಸುಲಿಯುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಹಾಸಿಗೆ ಸರಿಪಡಿಸುತ್ತಾಳೆ, ಮಗನಿಗೆ ಊಟ ಬಡಿಸುತ್ತಾಳೆ, ಮಧ್ಯಾಹ್ನ ಹಣಕ್ಕಾಗಿ ಗಂಡಸರನ್ನು ಬರಮಾಡಿಕೊಳ್ಳುತ್ತಾಳೆ. ಕ್ಯಾಮೆರಾ ಕದಲದೆ ನೋಡುತ್ತದೆ. ಎರಡನೆಯ ದಿನ ಆಲೂಗಡ್ಡೆ ಹೆಚ್ಚು ಬೆಂದುಹೋಗುವುದೇ ಈ ಚಿತ್ರದಲ್ಲಿ ಒಂದು ದೊಡ್ಡ ಘಟನೆ. ಅಡುಗೆಮನೆಯ ಕೆಲಸವನ್ನು ಇಷ್ಟು ಹೊತ್ತು ಇಷ್ಟು ಗೌರವದಿಂದ ನೋಡಿದ ಚಿತ್ರ ಅದಕ್ಕೆ ಮೊದಲು ಇರಲಿಲ್ಲ. ಚಿತ್ರೀಕರಣದ ವೇಳೆ ಸಾಮಿ ಫ್ರೇ ವಿಡಿಯೋದಲ್ಲಿ ಸೆರೆಹಿಡಿದ ದೃಶ್ಯಗಳು ಬಹು ವರ್ಷಗಳ ಅನಂತರ ಸಾಕ್ಷ್ಯಚಿತ್ರವಾಗಿ ಹೊರಬಂದಿವೆ. ತಲೆ ಬಾಚಿಕೊಳ್ಳುವಾಗ ಈ ಹೆಂಗಸು ಏನು ಯೋಚಿಸುತ್ತಿರುತ್ತಾಳೆ, ಈ ಕೆಲಸವನ್ನು ಎಷ್ಟು ನಿಧಾನವಾಗಿ ಮಾಡಬೇಕು ಎಂದು ಸೆರಿಗ್ ಅವರು ತಮಗಿಂತ ಬಹಳ ಕಿರಿಯಳಾದ ನಿರ್ದೇಶಕಿಯನ್ನು ಪಟ್ಟುಬಿಡದೆ ಕೇಳುವುದನ್ನು ಅದರಲ್ಲಿ ಕಾಣಬಹುದು. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ನಡೆಸುವ ವಿಮರ್ಶಕರ ಮತದಾನದಲ್ಲಿ 2022ರಲ್ಲಿ ಈ ಚಿತ್ರಕ್ಕೆ ಮೊದಲ ಸ್ಥಾನ ದೊರೆಯಿತು. ಮಹಿಳೆಯೊಬ್ಬರ ಚಿತ್ರ ಆ ಸ್ಥಾನಕ್ಕೇರಿದ್ದು ಅದೇ ಮೊದಲು.

ವಿಡಿಯೋ ಕ್ಯಾಮೆರಾ ಕೈಗೆ ಬಂದದ್ದು

1960ರ ದಶಕದ ಕೊನೆಯಲ್ಲಿ ಜಪಾನಿನ ಸೋನಿ ಕಂಪನಿ ‘ಪೋರ್ಟಾಪ್ಯಾಕ್’ ಎಂಬ ಉಪಕರಣವನ್ನು ಮಾರುಕಟ್ಟೆಗೆ ತಂದಿತು. ಹೆಗಲಿಗೆ ನೇತುಹಾಕಿಕೊಳ್ಳುವ ಧ್ವನಿ-ದೃಶ್ಯ ಮುದ್ರಣ ಯಂತ್ರ, ಅದಕ್ಕೆ ತಂತಿಯಿಂದ ಜೋಡಿಸಿದ ಸಣ್ಣ ಕ್ಯಾಮೆರಾ. ಚಿತ್ರ ಕಪ್ಪುಬಿಳುಪು, ಅಂಚುಗಳು ಮಸುಕು. ಆದರೆ ಫಿಲ್ಮಿನಂತೆ ಪ್ರಯೋಗಾಲಯಕ್ಕೆ ಕಳುಹಿಸಬೇಕಾಗಿರಲಿಲ್ಲ. ಚಿತ್ರೀಕರಿಸಿದುದನ್ನು ಆಗಲೇ ಅಲ್ಲಿಯೇ ನೋಡಬಹುದಿತ್ತು, ಬೇಡವಾದರೆ ಅಳಿಸಿ ಅದೇ ಟೇಪನ್ನು ಮತ್ತೆ ಬಳಸಬಹುದಿತ್ತು. ಒಬ್ಬಿಬ್ಬರಿದ್ದರೆ ಸಾಕು, ದೊಡ್ಡ ತಂಡ ಬೇಡ. ದೂರದರ್ಶನ ಪ್ರಸಾರ ಪೂರ್ತಿಯಾಗಿ ಸರ್ಕಾರದ ಹಿಡಿತದಲ್ಲಿದ್ದ ಅಂದಿನ ಫ್ರಾನ್ಸಿನಲ್ಲಿ ಈ ಅನುಕೂಲ ಸಣ್ಣದಲ್ಲ. ಇನ್ನೊಂದು ಮಾತನ್ನೂ ಇಲ್ಲಿ ಸೇರಿಸಬೇಕು. ಚಲನಚಿತ್ರದ ತಾಂತ್ರಿಕ ವಿಭಾಗಗಳು ಗಂಡಸರ ಕೈಯಲ್ಲಿದ್ದವು. ಆದರೆ ವಿಡಿಯೋಕ್ಕೆ ಹಿಂದಿನ ಚರಿತ್ರೆಯಿರಲಿಲ್ಲ, ಗುರುಪರಂಪರೆಯಿರಲಿಲ್ಲ, ಸಂಘಗಳಿರಲಿಲ್ಲ. ಬಾಗಿಲಲ್ಲಿ ನಿಂತು ತಡೆಯುವವರು ಯಾರೂ ಇಲ್ಲದ ಮನೆಯನ್ನು ಮಹಿಳೆಯರು ಮೊದಲೇ ಹೊಕ್ಕರು.

ಫ್ರಾನ್ಸಿನಲ್ಲಿ ಈ ಉಪಕರಣವನ್ನು ಕೊಂಡ ಮೊದಲಿಗರಲ್ಲಿ ಸ್ವಿಟ್ಜರ್ಲೆಂಡ್ ಮೂಲದ ಕಾರೋಲ್ ರುಸೊಪುಲೊಸ್ (1945–2009) ಒಬ್ಬರು. ಕೆಲಸ ಕಳೆದುಕೊಂಡಾಗ ಬಂದ ಪರಿಹಾರದ ಹಣವನ್ನು, ಲೇಖಕ ಜ್ಯಾಂ ಜೆನೆ ಅವರ ಸಲಹೆಯಂತೆ, ಇದಕ್ಕೆ ಸುರಿದವರು ಇವರು. 1975ರಲ್ಲಿ ಲಿಯೋಂ ನಗರದ ವೇಶ್ಯೆಯರು ಪೊಲೀಸರ ಕಿರುಕುಳವನ್ನು ಪ್ರತಿಭಟಿಸಿ ಚರ್ಚಿನೊಳಗೆ ಕುಳಿತಾಗ, ಒಳಗೆ ಅವರಾಡಿದ ಮಾತುಗಳನ್ನು ಚಿತ್ರೀಕರಿಸಿ, ಹೊರಗೆ ಬೀದಿಯಲ್ಲಿ ಟಿವಿ ಪೆಟ್ಟಿಗೆಗಳ ಮೇಲೆ ದಾರಿಹೋಕರಿಗೆ ತೋರಿಸಿದವರೂ ಇವರೇ. ಮುಖ ತೋರಿಸಲು ಹೆದರುವವರ ದನಿ ಬೀದಿಗೆ ಮುಟ್ಟಿದ ಬಗೆ ಇದು.

ರುಸೊಪುಲೊಸ್ ಅವರು ಮಹಿಳೆಯರಿಗಾಗಿ ನಡೆಸುತ್ತಿದ್ದ ವಿಡಿಯೋ ತರಬೇತಿ ತರಗತಿಗೆ ಸೆರಿಗ್ ಅವರು 1974ರ ಸುಮಾರಿಗೆ ಗೆಳತಿ ಯೊವಾನಾ ವೀಡರ್ ಅವರೊಡನೆ ವಿದ್ಯಾರ್ಥಿನಿಯಾಗಿ ಸೇರಿದರು. ವೆನಿಸ್ ಪ್ರಶಸ್ತಿ ಪಡೆದ ನಟಿ ತಂತಿ ಜೋಡಿಸುವುದು, ಧ್ವನಿಯ ಮಟ್ಟ ಹೊಂದಿಸುವುದು, ಟೇಪು ಸುತ್ತುವುದು ಇವನ್ನೆಲ್ಲ ಮೊದಲಿನಿಂದ ಕಲಿತರು. ಈ ಮೂವರ ಸ್ನೇಹದಿಂದ ಹುಟ್ಟಿದ ತಂಡಕ್ಕೆ ‘ಲೇಜ್ ಅಂಸುಮ್ಯೂಜ್’ ಎಂದು ಹೆಸರಿಟ್ಟರು. ಫ್ರೆಂಚಿನಲ್ಲಿ ಅವಿಧೇಯ ಸ್ತ್ರೀ ಎಂಬ ಪದವನ್ನು, ಕವಿಗಳಿಗೆ ಸ್ಫೂರ್ತಿ ನೀಡುವ ದೇವಿಯರ ಹೆಸರಿನೊಂದಿಗೆ ಬೆಸೆದು ಮಾಡಿದ ಶ್ಲೇಷೆಯಿದು. ಗಂಡಸರ ಕಲೆಗೆ ಸ್ಫೂರ್ತಿಯಾಗಿ ಸುಮ್ಮನೆ ಕುಳಿತಿರಲು ಒಪ್ಪದ ದೇವಿಯರು ಎಂದು ಅದನ್ನು ವಿವರಿಸಬಹುದು.

ಸಾಕ್ಷ್ಯಚಿತ್ರಗಳು

ಸೆರಿಗ್ ಅವರ ಮೊದಲ ಕೃತಿ ‘ಇನೆಸ್’ (1974). ಬ್ರೆಜಿಲ್ ದೇಶದ ಸೈನಿಕ ಸರ್ಕಾರ ಗುಪ್ತ ಸೆರೆಮನೆಯಲ್ಲಿಟ್ಟು ಚಿತ್ರಹಿಂಸೆಗೊಳಪಡಿಸಿದ ರಾಜಕೀಯ ಕೈದಿ ಇನೆಸ್ ಎತಿಯೆನೆ ರೊಮೆವು ಅವರ ಬಿಡುಗಡೆಗಾಗಿ ಮಾಡಿದ ಕಿರುಚಿತ್ರ ಅದು. ಆ ಮಹಿಳೆ ಬಿಡುಗಡೆಯಾದದ್ದು 1979ರಲ್ಲಿ.

‘ಮಾಜೊ ಎ ಮೀಜೊ ವೋಂ ಆಂ ಬತೊ’ (1976) ನಗೆಯನ್ನೇ ಆಯುಧವಾಗಿಸಿಕೊಂಡ ಕೃತಿ. 1975ರ ಡಿಸೆಂಬರ್ 30ರಂದು, ಮಹಿಳಾ ವರ್ಷ ಮುಗಿಯಲು ಒಂದೇ ದಿನ ಉಳಿದಿದ್ದಾಗ, ಬೆರ್ನಾರ್ ಪಿವೊ ನಡೆಸುತ್ತಿದ್ದ ದೂರದರ್ಶನ ಕಾರ್ಯಕ್ರಮಕ್ಕೆ ಮಹಿಳಾ ವ್ಯವಹಾರಗಳ ಸಚಿವೆ ಫ್ರಾಂಸ್ವಾಜ್ ಝಿರು ಅತಿಥಿಯಾಗಿ ಬಂದಿದ್ದರು. ಹೆಂಗಸರನ್ನು ಹೀಗಳೆಯುವ ಗಣ್ಯರ ಮಾತುಗಳನ್ನು ಒಂದಾದ ಮೇಲೊಂದು ತೋರಿಸಿದಾಗ ಸಚಿವೆಯವರು ಖಂಡಿಸುವ ಬದಲು ಮುಗುಳ್ನಕ್ಕು ಒಪ್ಪಿಕೊಳ್ಳುತ್ತ ಹೋದರು. ಸೆರಿಗ್, ರುಸೊಪುಲೊಸ್, ವೀಡರ್ ಹಾಗೂ ನಾಜಾ ರಿಂಗಾರ್ ಈ ನಾಲ್ವರು ಆ ಕಾರ್ಯಕ್ರಮವನ್ನು ಟಿವಿಯಿಂದ ಮುದ್ರಿಸಿಕೊಂಡು, ನಡುನಡುವೆ ನಿಲ್ಲಿಸಿ, ಒಂದೇ ಮಾತನ್ನು ಹಲವು ಬಾರಿ ಮರುಕಳಿಸಿ, ಕೈಬರಹದ ಫಲಕಗಳಲ್ಲಿ ತಮ್ಮ ಉತ್ತರಗಳನ್ನು ತೂರಿಸಿ, ಹಾಡು ಸೇರಿಸಿ ಸುಮಾರು 55 ನಿಮಿಷಗಳ ವಿಡಂಬನೆಯಾಗಿ ಮಾರ್ಪಡಿಸಿದರು. ಝಾಕ್ ರಿವೆಟ್ ಅವರ ಪ್ರಸಿದ್ಧ ಚಿತ್ರವೊಂದರ ಹೆಸರನ್ನು ಅಣಕಿಸುವ ಶೀರ್ಷಿಕೆಯಲ್ಲಿ ‘ಮಾಜೊ’ ಎಂದರೆ ಆತ್ಮಪೀಡನೆಯಲ್ಲಿ ಸುಖ ಕಾಣುವವರು, ‘ಮೀಜೊ’ ಎಂದರೆ ಸ್ತ್ರೀದ್ವೇಷಿಗಳು. ಸರ್ಕಾರಿ ದೂರದರ್ಶನದ ಪ್ರಸಾರಕ್ಕೆ ವೀಕ್ಷಕರು ಹೀಗೆ ಎದುರುತ್ತರ ಕೊಟ್ಟದ್ದು ಆ ಕಾಲಕ್ಕೆ ಹೊಸದು. ಇಂದು ಮೊಬೈಲ್ ಫೋನಿನಲ್ಲಿ ಯಾರು ಬೇಕಾದರೂ ಮಾಡುವ ಕೆಲಸವನ್ನು ಅಂದು ಎರಡು ಮುದ್ರಣ ಯಂತ್ರಗಳ ಮುಂದೆ ಕುಳಿತು, ಸೆಕೆಂಡುಗಳನ್ನು ಎಣಿಸಿಕೊಂಡು ಮಾಡಬೇಕಾಗಿತ್ತು.

ಅದೇ ವರ್ಷದ ‘ಎಸ್.ಸಿ.ಯು.ಎಂ. ಮ್ಯಾನಿಫೆಸ್ಟೊ 1967’ ಅತಿ ಸರಳ. ಅಮೆರಿಕದ ವ್ಯಾಲೆರಿ ಸೊಲಾನಸ್ ಬರೆದ ಉಗ್ರ ಪ್ರಣಾಳಿಕೆಯ ಫ್ರೆಂಚ್ ಅನುವಾದ ಆಗ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಮೇಜಿನ ಒಂದು ಬದಿಯಲ್ಲಿ ಕುಳಿತು ಸೆರಿಗ್ ಅವರು ಓದಿ ಹೇಳುತ್ತಾರೆ, ಎದುರಿಗೆ ರುಸೊಪುಲೊಸ್ ಟೈಪು ಮಾಡುತ್ತಾರೆ. ಇಬ್ಬರ ನಡುವಿನ ಟಿವಿಯಲ್ಲಿ ಅಂದಿನ ವಾರ್ತೆಗಳು ಯುದ್ಧ, ಗಲಭೆಗಳ ದೃಶ್ಯಗಳನ್ನು ಬಿತ್ತರಿಸುತ್ತಿರುತ್ತವೆ. ಸೊಲಾನಸ್ ಅವರ ಬರಹವನ್ನು ಎಲ್ಲ ಸ್ತ್ರೀವಾದಿಗಳೂ ಒಪ್ಪುವುದಿಲ್ಲ, ಅವರು ಚಿತ್ರಕಾರ ಆಂಡಿ ವಾರ್ಹೋಲ್ ಮೇಲೆ ಗುಂಡು ಹಾರಿಸಿದ್ದನ್ನು ಸಮರ್ಥಿಸುವುದೂ ಸಾಧ್ಯವಿಲ್ಲ. ಆದರೂ ಈ 27 ನಿಮಿಷಗಳಲ್ಲಿ, ಪ್ರಣಾಳಿಕೆಯ ಮಾತು ಹೆಚ್ಚು ಕ್ರೂರವೋ ಟಿವಿಯ ವಾರ್ತೆ ಹೆಚ್ಚು ಕ್ರೂರವೋ ಎಂಬ ಪ್ರಶ್ನೆ ನೋಡುಗರಲ್ಲಿ ತಾನಾಗಿ ಏಳುತ್ತದೆ.

‘ಸ್ವಾ ಬೆಲ್ ಎ ತೆ-ತ್ವಾ’

ಸೆರಿಗ್ ಅವರ ಅತ್ಯಂತ ಮಹತ್ವದ ಕೃತಿಯಾದ ಇದರ ಶೀರ್ಷಿಕೆ 1958ರ ಒಂದು ಫ್ರೆಂಚ್ ಚಿತ್ರದ್ದೇ. ವ್ಯಂಗ್ಯಕ್ಕಾಗಿ ಎರವಲು ತಂದದ್ದು. 1975 ಮತ್ತು 1976ರಲ್ಲಿ ಅಮೆರಿಕ ಹಾಗೂ ಫ್ರಾನ್ಸ್ ದೇಶಗಳಲ್ಲಿ 20ಕ್ಕೂ ಹೆಚ್ಚು ನಟಿಯರನ್ನು ಇವರು ಸಂದರ್ಶಿಸಿದರು. ಕ್ಯಾಮೆರಾ ಹಿಡಿದವರು ರುಸೊಪುಲೊಸ್. ಜೇನ್ ಫೋಂಡಾ, ಶರ್ಲಿ ಮ್ಯಾಕ್‌ಲೇನ್, ಎಲೆನ್ ಬರ್ಸ್ಟಿನ್, ಲೂಯಿಸ್ ಫ್ಲೆಚರ್, ಮಾರಿಯಾ ಶ್ನೈಡರ್, ಆನ್ ವಿಯಾಜೆಮ್ಸ್ಕಿ, ಝ್ಯೂಲಿಯೆತ್ ಬೆರ್ತೊ ಮೊದಲಾದವರು ಇದರಲ್ಲಿದ್ದಾರೆ. ಅಲಂಕಾರವಿಲ್ಲದ ಕೋಣೆ, ಸಹಜ ಬೆಳಕು, ಕಪ್ಪುಬಿಳುಪು ಚಿತ್ರ. ಸಂದರ್ಶಕಿ ಬಹುಮಟ್ಟಿಗೆ ತೆರೆಯ ಹೊರಗೆ ಉಳಿಯುತ್ತಾರೆ.

ಕೇಳುವ ಪ್ರಶ್ನೆಗಳು ಮೇಲುನೋಟಕ್ಕೆ ಸಾಮಾನ್ಯ. ಗಂಡಾಗಿ ಹುಟ್ಟಿದ್ದರೆ ನಟನೆಯನ್ನೇ ಆರಿಸಿಕೊಳ್ಳುತ್ತಿದ್ದಿರಾ? ಇನ್ನೊಬ್ಬ ಹೆಂಗಸಿನೊಡನೆ ಆತ್ಮೀಯವಾಗಿ ಮಾತನಾಡುವ ದೃಶ್ಯದಲ್ಲಿ ಎಂದಾದರೂ ನಟಿಸಿದ್ದೀರಾ? ಎರಡನೆಯ ಪ್ರಶ್ನೆಗೆ ಹಲವರು ತಡವರಿಸುತ್ತಾರೆ, ನೆನಪು ಮಾಡಿಕೊಳ್ಳಲು ಯತ್ನಿಸುತ್ತಾರೆ, ಕೊನೆಗೆ ಇಲ್ಲವೆನ್ನುತ್ತಾರೆ. ಚಿತ್ರವೊಂದರಲ್ಲಿ ಇಬ್ಬರು ಸ್ತ್ರೀಯರು ಪರಸ್ಪರ ಮಾತನಾಡುತ್ತಾರೆಯೇ ಎಂದು ಪರೀಕ್ಷಿಸುವ, ಇಂದು ಬೆಕ್ಡೆಲ್ ಪರೀಕ್ಷೆ ಎಂದು ಖ್ಯಾತವಾಗಿರುವ ಮಾನದಂಡ ಪ್ರಕಟವಾದದ್ದು 1985ರಲ್ಲಿ. ಸೆರಿಗ್ ಅವರು ಅದೇ ವಿಚಾರವನ್ನು ಹತ್ತು ವರ್ಷ ಮೊದಲು ನಟಿಯರ ಮುಂದೆಯೇ ಇಟ್ಟಿದ್ದರು. ಫೋಂಡಾ ಅವರು ಹಾಲಿವುಡ್ಡಿಗೆ ಕಾಲಿಟ್ಟ ಹೊಸತರಲ್ಲಿ, ದವಡೆಯ ಆಕಾರ, ಕೂದಲಿನ ಬಣ್ಣ, ಎದೆಯ ಅಳತೆ ಎಲ್ಲವನ್ನೂ ಬದಲಾಯಿಸಿಕೊಳ್ಳುವಂತೆ ಸ್ಟುಡಿಯೋದವರು ಸೂಚಿಸಿದುದನ್ನು ಒಳ್ಳೆಯ ಫ್ರೆಂಚಿನಲ್ಲಿ ವಿವರಿಸುತ್ತಾರೆ. ಕನ್ನಡಿಯಲ್ಲಿ ಕಂಡ ಮುಖ ತನ್ನದಲ್ಲವೆಂಬ ಅವರ ಅನುಭವ ಈ ಚಿತ್ರದ ಮರೆಯಲಾಗದ ಭಾಗ. ಕಪ್ಪು ಜನಾಂಗದ ಹಿರಿಯ ನಟಿ ಮೇಡಿ ನಾರ್ಮನ್ ಅವರ ಮಾತಿನಿಂದ, ಬಿಳಿಯ ನಟಿಯರಿಗಿದ್ದ ಇಕ್ಕಟ್ಟಾದ ಜಾಗವೂ ತಮ್ಮಂತಹವರಿಗಿರದೆ ಮನೆಗೆಲಸದವಳ ಪಾತ್ರವೇ ಗತಿಯಾಗಿತ್ತೆಂಬುದು ತಿಳಿಯುತ್ತದೆ. ‘ಲಾಸ್ಟ್ ಟ್ಯಾಂಗೊ ಇನ್ ಪ್ಯಾರಿಸ್’ ಚಿತ್ರದಿಂದ ನೊಂದಿದ್ದ ಮಾರಿಯಾ ಶ್ನೈಡರ್ ತಮಗೆ ಬರುವ ಪಾತ್ರಗಳ ಬಗ್ಗೆ ಬೇಸರದಿಂದ ಮಾತನಾಡುತ್ತಾರೆ. ಆಗ ಅವರನ್ನು ಯಾರೂ ಗಂಭೀರವಾಗಿ ಕೇಳಿಸಿಕೊಳ್ಳುತ್ತಿರಲಿಲ್ಲ.

ಸುಮಾರು ಎರಡು ಗಂಟೆಗಳ ಈ ಚಿತ್ರ ಸಾರ್ವಜನಿಕರ ಮುಂದೆ ಬಂದದ್ದು 1981ರಲ್ಲಿ. ಸಂಕಲನದಲ್ಲಿ ಯಾವ ಚಮತ್ಕಾರವೂ ಇಲ್ಲ. ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಸಾಗುತ್ತದೆ, ಅಷ್ಟೆ. ದೃಶ್ಯವೈವಿಧ್ಯ ಬಯಸುವವರಿಗೆ ಅಲ್ಲಲ್ಲಿ ದೀರ್ಘವೆನಿಸಬಹುದು. ಆದರೆ ಒಬ್ಬೊಬ್ಬರದೂ ವೈಯಕ್ತಿಕ ದುರದೃಷ್ಟವೆಂದು ತೋರುತ್ತಿದ್ದ ಸಂಗತಿ ಇಪ್ಪತ್ತು ಬಾಯಿಗಳಲ್ಲಿ ಒಂದೇ ಆಗಿ ಕೇಳಿಬಂದಾಗ ಅದೊಂದು ವ್ಯವಸ್ಥೆಯೆಂದು ಮನದಟ್ಟಾಗುತ್ತದೆ. ಆ ಪರಿಣಾಮಕ್ಕೆ ಪುನರಾವರ್ತನೆ ಅಗತ್ಯವೇ ಆಗಿತ್ತು.

ದಾಖಲೆ ಕೇಂದ್ರದ ಸ್ಥಾಪನೆ

ವಿಡಿಯೋ ಟೇಪುಗಳಿಗೆ ಚಿತ್ರಮಂದಿರಗಳ ವಿತರಣೆ ಇರಲಿಲ್ಲ. ಸಭೆ, ಮನೆ, ಸಂಘಗಳಲ್ಲಿ ತೋರಿಸಿದ ಮೇಲೆ ಅವು ಕಪಾಟು ಸೇರುತ್ತಿದ್ದವು. ಕಾಂತೀಯ ಟೇಪು ಕೆಲವು ದಶಕಗಳಲ್ಲಿ ಹಾಳಾಗುವ ವಸ್ತು. ಮಹಿಳಾ ಚಳವಳಿಯ ದಾಖಲೆಗಳು ಹೀಗೆ ಕಣ್ಮರೆಯಾಗಬಾರದೆಂದು ಸೆರಿಗ್, ರುಸೊಪುಲೊಸ್ ಮತ್ತು ವೀಡರ್ 1982ರಲ್ಲಿ ಪ್ಯಾರಿಸಿನಲ್ಲಿ ಸಿಮೋನ್ ದ ಬೋವಾ ದೃಶ್ಯ-ಶ್ರಾವ್ಯ ಕೇಂದ್ರವನ್ನು ಸ್ಥಾಪಿಸಿದರು. ಆಗಿನ ಮಹಿಳಾ ಹಕ್ಕುಗಳ ಸಚಿವೆ ಇವೆತ್ ರುದಿ ಅವರ ಇಲಾಖೆ ಧನಸಹಾಯ ನೀಡಿತು. ಹಳೆಯ ಟೇಪುಗಳ ಸಂಗ್ರಹ, ಹೊಸ ಚಿತ್ರಗಳ ತಯಾರಿಕೆ, ತರಬೇತಿ ಎಲ್ಲವೂ ಅಲ್ಲಿ ನಡೆದವು. ಬೋವಾ ಅವರು 1986ರಲ್ಲಿ ತೀರಿಕೊಂಡ ಅನಂತರ ಅವರ ನೆನಪಿಗಾಗಿ ಸೆರಿಗ್ ಅವರು ‘ಪೂರ್ ಮೆಮ್ವಾರ್’ (1987) ಎಂಬ ಕಿರುಚಿತ್ರ ಮಾಡಿದರು. ಹಣದ ಕೊರತೆಯಿಂದ 1990ರ ದಶಕದಲ್ಲಿ ಮುಚ್ಚಿದ ಈ ಕೇಂದ್ರ ಮುಂದಿನ ದಶಕದಲ್ಲಿ ಮತ್ತೆ ತೆರೆದು ಇಂದಿಗೂ ಕೆಲಸ ಮಾಡುತ್ತಿದೆ.

ಕೊನೆಯ ವರ್ಷಗಳು

1980ರ ದಶಕದಲ್ಲಿ ಇವರು ಹೆಚ್ಚಾಗಿ ನಟಿಸಿದ್ದು ಮಹಿಳಾ ನಿರ್ದೇಶಕಿಯರ ಚಿತ್ರಗಳಲ್ಲಿ. ಆಕರ್‌ಮಾನ್ ಅವರ ಸಂಗೀತಮಯ ಚಿತ್ರ ‘ಗೋಲ್ಡನ್ ಏಯ್ಟೀಸ್’ (1986), ಜರ್ಮನಿಯ ಉಲ್ರಿಕೆ ಓಟಿಂಗರ್ ಅವರ ‘ಫ್ರೀಕ್ ಒರ್ಲಾಂಡೊ’ (1981) ಹಾಗೂ ‘ಜೊಹಾನಾ ಡಾರ್ಕ್ ಆಫ್ ಮಂಗೋಲಿಯಾ’ (1989) ಅವುಗಳಲ್ಲಿ ಮುಖ್ಯ. ಕವಯಿತ್ರಿ ಸಿಲ್ವಿಯಾ ಪ್ಲಾತ್ ಮತ್ತು ಆಕೆಯ ತಾಯಿಯ ಪತ್ರಗಳನ್ನು ಆಧರಿಸಿದ ‘ಲೆಟರ್ಸ್ ಹೋಮ್’ ರಂಗಪ್ರಯೋಗದಲ್ಲಿ ತಮ್ಮ ಸೋದರನ ಮಗಳು ಕೊರಾಲಿ ಸೆರಿಗ್ ಅವರೊಂದಿಗೆ ತಾಯಿಯ ಪಾತ್ರ ವಹಿಸಿದರು.

ಪೂರ್ಣ ಪ್ರಮಾಣದ ಕಥಾಚಿತ್ರವೊಂದನ್ನು ನಿರ್ದೇಶಿಸುವ ಆಸೆ ಮಾತ್ರ ಈಡೇರಲಿಲ್ಲ. ಅಮೆರಿಕದ ಪಶ್ಚಿಮ ಗಡಿನಾಡಿನಲ್ಲಿ ಗಂಡುಡುಗೆ ತೊಟ್ಟು ಕುದುರೆ ಸವಾರಿ ಮಾಡುತ್ತಿದ್ದ ಕ್ಯಾಲಮಿಟಿ ಜೇನ್, ದೂರವಾದ ಮಗಳಿಗೆ ಬರೆದಳೆನ್ನಲಾದ ಪತ್ರಗಳು ಆ ಚಿತ್ರದ ವಸ್ತು. ಪತ್ರಗಳ ಸಾಚಾತನವನ್ನು ಇತಿಹಾಸಕಾರರು ಒಪ್ಪುವುದಿಲ್ಲ. ಸೆರಿಗ್ ಅವರನ್ನು ಸೆಳೆದದ್ದು ಅವುಗಳಲ್ಲಿನ ತಾಯಿಯ ದನಿ. 1983ರಲ್ಲಿ ಅವರು ‘ಜಾನ್ ದೀಲ್ಮಾನ್’ ಚಿತ್ರದ ಛಾಯಾಗ್ರಾಹಕಿ ಬಾಬೆತ್ ಮಾಂಗೊಲ್ತ್ ಅವರೊಡನೆ ಮೊಂಟಾನಾ ರಾಜ್ಯಕ್ಕೆ ಹೋಗಿ ಸ್ಥಳಗಳನ್ನು ನೋಡಿ, ಕೆಲವು ದೃಶ್ಯಗಳನ್ನು ಚಿತ್ರೀಕರಿಸಿಕೊಂಡು ಬಂದರು. ಚಿತ್ರಕ್ಕೆ ಬೇಕಾದ ಹಣ ಒದಗಲಿಲ್ಲ.

ಕ್ಯಾನ್ಸರ್ ರೋಗದಿಂದ ಬಳಲುತ್ತಿದ್ದ ಸೆರಿಗ್ ಅವರು 1990ರ ಅಕ್ಟೋಬರ್ 15ರಂದು ಪ್ಯಾರಿಸಿನಲ್ಲಿ ನಿಧನರಾದರು. ಆಗ ಅವರಿಗೆ 58 ವರ್ಷ. ಸಮಾಧಿ ಮೋಂಪಾರ್ನಾಸ್ ರುದ್ರಭೂಮಿಯಲ್ಲಿದೆ.

ಮರಣಾನಂತರ ಬಹುಕಾಲ ಇವರನ್ನು ನಟಿಯಾಗಿ ಮಾತ್ರ ಸ್ಮರಿಸಲಾಗುತ್ತಿತ್ತು. ರುಸೊಪುಲೊಸ್ ಅವರ ಮೊಮ್ಮಗಳು ಕಲಿಸ್ತೊ ಮ್ಯಾಕ್‌ನಲ್ಟಿ ನಿರ್ದೇಶಿಸಿದ ‘ಡೆಲ್ಫೀನ್ ಎ ಕಾರೋಲ್, ಅಂಸುಮ್ಯೂಜ್’ (2019) ಸಾಕ್ಷ್ಯಚಿತ್ರ ಮತ್ತು ಅದೇ ವರ್ಷ ಫ್ರಾನ್ಸಿನ ಲೀಲ್ ಸಮೀಪದ ವಸ್ತುಸಂಗ್ರಹಾಲಯದಲ್ಲಿಯೂ ಮ್ಯಾಡ್ರಿಡ್ ನಗರದ ರೇನಾ ಸೊಫಿಯಾದಲ್ಲಿಯೂ ನಡೆದ ಪ್ರದರ್ಶನಗಳು ಇವರ ವಿಡಿಯೋ ಕೃತಿಗಳನ್ನು ಹೊಸ ತಲೆಮಾರಿಗೆ ಪರಿಚಯಿಸಿದವು. ‘ಸ್ವಾ ಬೆಲ್ ಎ ತೆ-ತ್ವಾ’ ಜೀರ್ಣೋದ್ಧಾರಗೊಂಡು 2023ರಲ್ಲಿ ಫ್ರಾನ್ಸಿನ ಚಿತ್ರಮಂದಿರಗಳಲ್ಲಿ ಮತ್ತೆ ತೆರೆಕಂಡಿತು. ಮೊಂಟಾನಾದಲ್ಲಿ ತೆಗೆದ ಹಳೆಯ ದೃಶ್ಯಗಳನ್ನು, ಸುಮಾರು ಮೂರೂವರೆ ದಶಕಗಳ ತರುವಾಯ, ಮಾಂಗೊಲ್ತ್ ಅವರೇ ಜೋಡಿಸಿ ಒಂದು ಚಿತ್ರವಾಗಿ ಪೂರ್ಣಗೊಳಿಸಿದ್ದಾರೆ.